ಆ ಸೈಕಲ್ ಕಡ್ಡಿಯ ವಿಷಯ

ಗದಗ, ಶನಿವಾರ ರಾತ್ರಿ

ಚಿ. ಬಸೂಗೆ ದೊಡ್ಡಪ್ಪನ ಆಶೀರ್ವಾದ.

ಮನೆಯ ಸುದ್ದಿಯೆಲ್ಲ ನಿನ್ನ ದೊಡ್ಡವ್ವ ಫೋನಿನಲ್ಲಿ ಹೇಳಿಯಾಗಿದೆ, ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರ ಗುರುವಾರ ಬಂತು. ಹೊಸ ಶೆಡ್ಡು, ಸೀಸ ಕರಗಿಸುವ ಕರೆಂಟಿನ ಪಾತ್ರೆ, ತುಂಗಭದ್ರೆಯ ದಂಡೆಯ ಊರುಗಳಿಂದ ಬೀಸುಬಲೆಗೆ ಕಟ್ಟುವ ಸೀಸದ ಗುಂಡಿಗೆ ಬಂದ ಬೇಡಿಕೆ, ಎಲ್ಲ ಓದಿ ಸಂತೋಷವಾಯಿತು. ಎರಡನೇ ಪುಟದ ಕೊನೆಗೆ ಒಂದು ಸಾಲು ಬರೆದಿದ್ದೀ. ಸೀಸ ಇಳಿಯುವ ತಳದ ಮೂತಿ ಕಟ್ಟಿದಾಗ ಪಾತ್ರೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಮೊಬೈಲಿನ ಬೆಳಕು ಹಿಡಿದು, ಮೇಲೆ ನೋಡುತ್ತ ಸೈಕಲ್ ಕಡ್ಡಿಯಿಂದ ಚುಚ್ಚುತ್ತೇನೆ, ಬೇರೆ ಉಪಾಯವಿದ್ದರೆ ತಿಳಿಸು ಎಂದು. ಮೂರನೇ ಪುಟದಲ್ಲಿ ಏನಿತ್ತೋ ನನಗೆ ನೆನಪಿಲ್ಲ. ಎರಡು ಸಲ ಓದಲು ಕೂತೆ, ಎರಡು ಸಲವೂ ಆ ಸಾಲಿನಲ್ಲೇ ನಿಂತೆ.

ಮೇಲೆ ನೋಡುತ್ತ ಚುಚ್ಚುತ್ತೇನೆ ಅಂದೆಯಲ್ಲ ತಮ್ಮಾ. ನಿನ್ನ ಅಪ್ಪನ ಎಡಗಣ್ಣನ್ನು ದಿನಾ ನೋಡುತ್ತ ಬೆಳೆದವನು ನೀನು.

ನಿನ್ನ ಪಾತ್ರೆ 10 ಕಿಲೋದ್ದು. 10 ಕಿಲೋ ಸೀಸ ಕರಗಿದರೆ ಒಂದು ಲೀಟರಿನ ತಂಬಿಗೆ ತುಂಬುವುದಿಲ್ಲ. ಅದಕ್ಕೇ ನೋಡಿದವರಿಗೆ ಸ್ವಲ್ಪವೇ ಇದೆ ಅನ್ನಿಸುತ್ತದೆ. ಕುದಿಯುವುದಿಲ್ಲ, ಗುಳ್ಳೆ ಏಳುವುದಿಲ್ಲ, ಕೆನೆಗಟ್ಟಿದ ಹಾಲಿನ ಹಾಗೆ ಸುಮ್ಮನೆ ನಿಂತಿರುತ್ತದೆ. ಸೀಸ ಕರಗುವುದೇ 327 ಡಿಗ್ರಿಗೆ, ನೀನು ಹೊಯ್ಯುವಾಗ ಅದಕ್ಕಿಂತ ಹೆಚ್ಚೇ ಇರುತ್ತದೆ. ಕುದಿವ ನೀರಿನ ಮೂರು ಪಟ್ಟಿಗಿಂತ ಮೇಲೆ, ಆದರೆ ನೀರಿನಷ್ಟೂ ಎಚ್ಚರಿಕೆ ಕೊಡುವುದಿಲ್ಲ. ನೀರಿಗಿಂತ ಹನ್ನೊಂದು ಪಟ್ಟು ತೂಗುವ ವಸ್ತು ಆ ತೂತಿನ ಮೇಲೆ ಒತ್ತಿಕೊಂಡು ಕೂತಿರುತ್ತದೆ. ಕೆಳಗಿನಿಂದ ನೀನು ಕಡ್ಡಿ ಆಡಿಸುತ್ತ ಆಡಿಸುತ್ತ ಇರುತ್ತೀ, ಏನೂ ಬರುವುದಿಲ್ಲ, ಇನ್ನಷ್ಟು ಹತ್ತಿರ ಹೋಗುತ್ತೀ. ಬಂದಾಗ ಹನಿ ಹನಿಯಾಗಿ ಬರುವುದಿಲ್ಲಪ್ಪಾ. ಬಿರಡೆ ಕಿತ್ತ ಹಾಗೆ ಒಮ್ಮೆಲೇ ಬರುತ್ತದೆ, ಕಡ್ಡಿ ಹಿಡಿದೇ ಇಳಿದು ಮಣಿಕಟ್ಟಿಗೆ ಬರುತ್ತದೆ. ಮುಖ ಅಲ್ಲೇ ಇದ್ದರೆ ಮುಖಕ್ಕೆ.

ನೀನು ಕೇಳಿದ್ದು ಉಪಾಯ, ನಾನು ಬರೆಯುತ್ತಿರುವುದು ಹೆದರಿಕೆ. ಉಪಾಯವನ್ನೂ ಬರೆಯುತ್ತೇನೆ. ನನಗೆ ಗೊತ್ತಿರುವುದು ಅಚ್ಚುಕೂಟದ ಅಕ್ಷರದ ಮೊಳೆಯ ಎರಕ, ನಿನ್ನ ಪಾತ್ರೆಯ ಮಾತು ಬೇರೆ ಇರಬಹುದು. ಆದರೆ ಸೀಸ ಅದೇ ಸೀಸ, ಮೂತಿ ಕಟ್ಟುವ ಕಾರಣವೂ ಬಹುಪಾಲು ಅವೇ.

ಮೊದಲು ಕಟ್ಟಿದ್ದು ತಂಪಿನಿಂದಲೋ ಕಸದಿಂದಲೋ ನೋಡಿಕೊಳ್ಳಬೇಕು. ಮೂತಿ ಪಾತ್ರೆಯಿಂದ ಕೆಳಗೆ ಇಳಿಬಿದ್ದಿರುತ್ತದೆ, ಗಾಳಿಗೆ ಒಡ್ಡಿಕೊಂಡಿರುತ್ತದೆ. ಒಳಗೆ ಸೀಸ ನೀರಾಗಿದ್ದರೂ ಮೂತಿಯಲ್ಲಿ ಗಟ್ಟಿಯಾಗಿರುತ್ತದೆ. ಶೆಡ್ಡಿನ ಬಾಗಿಲಿನಿಂದ ನೇರ ಗಾಳಿ ಬರುತ್ತದೆ ಎಂದು ನೀನೇ ಬರೆದಿದ್ದೀ. ಅಂಥ ಹೊತ್ತಿನಲ್ಲಿ ತಣ್ಣನೆಯ ಸೈಕಲ್ ಕಡ್ಡಿ ತೂರಿಸಿದರೆ ಆ ಕಡ್ಡಿಯೇ ಇದ್ದಬಿದ್ದ ಶಾಖವನ್ನೂ ಹೀರಿಕೊಂಡು ಇನ್ನಷ್ಟು ಗಟ್ಟಿ ಮಾಡುತ್ತದೆ. ಚುಚ್ಚಿದಷ್ಟೂ ಕಟ್ಟುತ್ತದೆ. ದೂರದಲ್ಲಿ ನಿಂತು, ಪಕ್ಕದಿಂದ, ಗ್ಯಾಸಿನ ಟಾರ್ಚಿನಿಂದ ಮೂತಿಗೆ ಬಿಸಿ ಕೊಡು. ಕೆಳಗೆ ಒಣಗಿದ ಕಬ್ಬಿಣದ ತಟ್ಟೆ ಇರಲಿ. ತಂಪಿನದಾಗಿದ್ದರೆ ಅಷ್ಟಕ್ಕೇ ಬಿಡುತ್ತದೆ.

ಬಿಡದಿದ್ದರೆ ಕಸ. ಆಗ ತೂತನ್ನು ಮುಚ್ಚಿ ತೆರೆಯುವ ಒಳಗಿನ ಬೆಣೆ ಕಡ್ಡಿಯನ್ನು ಮೇಲಿನಿಂದಲೇ ಇಕ್ಕಳದಲ್ಲಿ ಹಿಡಿದು ಅತ್ತಿತ್ತ ತಿರುವಿ ನೋಡು. ತುದಿಗೂ ತೂತಿಗೂ ನಡುವೆ ಸಿಕ್ಕಿದ ಕಿಟ್ಟ ಎಷ್ಟೋ ಸಲ ಆ ತಿರುವಿಗೇ ಬಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಆ ದಿನದ ಕೆಲಸ ಮುಗಿಯಿತು ಅಂತ ತಿಳಿ. ಸೌಟಿನಿಂದ ಸೀಸ ತೋಡಿ ಗಟ್ಟಿ ಹೊಯ್ದುಬಿಡು, ಸ್ವಿಚ್ಚು ತೆಗೆ, ಊಟಕ್ಕೆ ಹೋಗು. ತಣ್ಣಗಾದ ಪಾತ್ರೆಯನ್ನು ಬೆಳಿಗ್ಗೆ ಕವುಚಿ ಹಾಕಿ ಎಷ್ಟು ಹತ್ತಿರದಿಂದ ಬೇಕಾದರೂ ನೋಡು.

ಇಷ್ಟನ್ನು ನನಗೆ ಯಾರೂ ಹೇಳಲಿಲ್ಲ ಅನ್ನಲಾರೆ. ಹೇಳಿದ್ದರು. ನಾನು ಕೇಳಲಿಲ್ಲ.

ಗದಗನ್ನು ಮುದ್ರಣ ಕಾಶಿ ಅನ್ನುತ್ತಿದ್ದ ಕಾಲ ಅದು. ಪಂಚಾಂಗ, ಪುರಾಣ, ಶಾಲೆಯ ಪುಸ್ತಕ, ಲಗ್ನಪತ್ರಿಕೆ, ಸುತ್ತಲಿನ ಊರಿನವರೆಲ್ಲ ಅಚ್ಚಿಗೆ ಇಲ್ಲಿಗೇ ಬರುತ್ತಿದ್ದರು. ಓಣಿಯಲ್ಲಿ ನಡೆದರೆ ಒಂದು ಮನೆಯಿಂದ ಮಗ್ಗದ ಸದ್ದು, ಇನ್ನೊಂದು ಮನೆಯಿಂದ ಟ್ರೆಡಲ್ ಅಚ್ಚಿನ ಯಂತ್ರದ ಸದ್ದು. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ ಎರಡು ಥರ ಹೊಯ್ದರೆ ಬಹುಪಾಲು ಮುಗಿಯಿತು. ನಮಗೆ ಕಾಗುಣಿತ, ಮೇಲೆ ಒತ್ತು, ಒತ್ತಿಗೆ ತೆಳ್ಳನೆಯ ಕಾಲು. ರ ಒತ್ತಿನ ಆ ಕೊಕ್ಕೆ ಹೊಯ್ಯುವಾಗ ಉಸಿರು ಹಿಡಿಯುತ್ತಿದ್ದೆ. ಸೀಸದ ಜೊತೆ ಆಂಟಿಮನಿ, ತವರ ಬೆರೆಸಿದ್ದಿರುತ್ತಿತ್ತು. ಬರೀ ಸೀಸ ಮೆತ್ತಗೆ, ಒತ್ತಿದರೆ ಚಪ್ಪಟೆ. ಆಂಟಿಮನಿ ಅದಕ್ಕೆ ಗಟ್ಟಿತನ ಕೊಡುತ್ತದೆ, ತವರ ಅಚ್ಚಿನ ಮೂಲೆ ಮೂಲೆಗೂ ಹರಿಯುವಂತೆ ಮಾಡುತ್ತದೆ. ನಿನ್ನ ಬಲೆಯ ಗುಂಡಿಗೆ ಅದೇನೂ ಬೇಡ. ನೂಲಿಗೆ ಕಚ್ಚಿಸಲು ಮೆತ್ತನೆಯ ಸೀಸವೇ ಬೇಕು.

ಒಂದು ಮಾತು, ಇಲ್ಲಿಯೇ ಹೇಳಿಬಿಡುತ್ತೇನೆ. ಯಾರಾದರೂ ಹಳೆಯ ಮೊಳೆ ಕಿಲೋ ಲೆಕ್ಕದಲ್ಲಿ ತಂದುಕೊಟ್ಟರೆ ಕರಗಿಸಬೇಡ, ನನಗೆ ತಿಳಿಸು. ಮೊಳೆ ಬೇಡದ ಆಫ್‌ಸೆಟ್ಟು ಮುದ್ರಣ ಬಂದ ಮೇಲೆ ನಾನೇ ನನ್ನ ಕೈಯಾರ ಹೊಯ್ದ ಮೊಳೆಗಳನ್ನು ಗೋಣಿಚೀಲದಲ್ಲಿ ತುಂಬಿ ಗುಜರಿಗೆ ತೂಗಿಸಿದ್ದೇನೆ. ಆ ಚೀಲ ಎತ್ತಲು ಇಬ್ಬರು ಬೇಕಾಯಿತು. ಒಂದಿಷ್ಟು ಅ, ಆ ಇಟ್ಟುಕೊಳ್ಳಬೇಕಿತ್ತು.

ನಿನ್ನ ಅಪ್ಪ ಆಗ ನನ್ನ ಕೈಕೆಳಗೆ ಕೆಲಸ ಕಲಿಯುತ್ತಿದ್ದ. ಕಣ್ಣಿನ ಮಾತು ಮನೆಯಲ್ಲಿ ಹೇಗೆ ಹೇಳುತ್ತಾರೋ ಹಾಗೇ ನೀನೂ ಕೇಳಿದ್ದೀ. ಬಗ್ಗಿ ನೋಡುತ್ತಿದ್ದ, ಯಂತ್ರ ಉಗುಳಿತು, ಹಣೆಬರಹ. ಅದು ಪೂರ್ತಿ ಅಲ್ಲ ಬಸೂ.

ಎರಕದ ಯಂತ್ರಕ್ಕೂ ನಿನ್ನ ಪಾತ್ರೆಯ ಹಾಗೆ ಒಂದು ಮೂತಿ. ಹಿಡಿಕೆ ತಿರುವಿದರೆ ಒಳಗಿನ ಪಂಪು ಸೀಸವನ್ನು ಮೂತಿಯಿಂದ ಅಚ್ಚಿಗೆ ತಳ್ಳುತ್ತದೆ. ಅವತ್ತು ಮಧ್ಯಾಹ್ನದಿಂದ ಮೂತಿ ಕಟ್ಟಿತ್ತು. ಮರುದಿನಕ್ಕೆ ಕೊಡಬೇಕಾದ ಕೆಲಸ ಬಾಕಿ. ಪಾತ್ರೆ ತಣಿಸಿ ಬಿಚ್ಚಲು ಅರ್ಧ ದಿನ ಹೋಗುತ್ತದೆ ಅಂತ ನನಗೆ ಸಿಟ್ಟು. ಅಚ್ಚು ಬಿಚ್ಚಿ ಪಕ್ಕಕ್ಕಿಟ್ಟೆ, ಸೂಜಿಯಿಂದ ಚುಚ್ಚಿದೆ, ಬಿಡಲಿಲ್ಲ. ನಿನ್ನ ಅಪ್ಪನಿಗೆ ಅಂದೆ, "ಬಗ್ಗಿ ನೋಡೋ, ತೂತಿನ್ಯಾಗ ಬೆಳಕು ಕಾಣತೈತೇನು." ಅವನು ಬಗ್ಗಿದ. "ಏನೂ ಕಾಣವಲ್ದು ಅಣ್ಣಾ" ಅಂದ. ಆಗ ಹಿಡಿಕೆ ತಿರುವಿದವನು ನಾನು. ಸೀಸ ಬರುತ್ತದೋ ಇಲ್ಲವೋ ನೋಡೋಣ ಅಂತ, ಅರ್ಧ ಸುತ್ತು. ಅವನ ಮುಖ ಅಲ್ಲಿದೆ ಅನ್ನುವುದು ನನ್ನ ತಲೆಯಲ್ಲಿ ಇರಲೇ ಇಲ್ಲ.

ಅಕ್ಕಿಕಾಳಿನಷ್ಟು ಸೀಸ. ಆಮೇಲೆ ಅದನ್ನು ನೆಲದ ಮೇಲೆ ನೋಡಿದೆ, ಬೆಳ್ಳಗೆ ಹೊಳೆಯುತ್ತಿತ್ತು.

ನಿನ್ನ ಅಪ್ಪ ಯಾರ ಮುಂದೆಯೂ ಹಿಡಿಕೆಯ ಮಾತು ಎತ್ತಲಿಲ್ಲ, ನಿಮ್ಮ ಅಜ್ಜನ ಮುಂದೆಯೂ. ನಾನೂ ಎತ್ತಲಿಲ್ಲ. ಅವನು ಹೇಳದೆ ಇದ್ದದ್ದು ಅವನ ದೊಡ್ಡತನ. ನಾನು ಹೇಳದೆ ಇದ್ದದ್ದಕ್ಕೆ ಅಂಥ ಹೆಸರಿಲ್ಲ. ನಿನಗೆ ಈಗ ಬರೆಯುತ್ತಿರುವುದು ಯಾಕೆಂದರೆ, ನೀನು ಮೇಲೆ ನೋಡುವಾಗ ಯಾರೋ ಬೆಣೆಯ ಲಿವರು ಎತ್ತಿದರೆ ಏನಾಗುತ್ತದೆ ಎಂದು ನನ್ನಷ್ಟು ಗೊತ್ತಿರುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಕೆಲಸಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೇನೆ ಎಂದು ಬರೆದಿದ್ದೀಯಲ್ಲ, ಅವನ ವಯಸ್ಸೆಷ್ಟು? ಅವನಿಗೂ ಬಗ್ಗಿ ನೋಡು ಅನ್ನುತ್ತೀಯಾ?

ನಿದ್ದೆ ಬರಲಿಲ್ಲ, ಎದ್ದು ಮುಂದುವರಿಸುತ್ತಿದ್ದೇನೆ.

ಮೂತಿ ಪದೇ ಪದೇ ಕಟ್ಟುವುದಕ್ಕೆ ಕಾರಣ ನಿನ್ನ ಪತ್ರದಲ್ಲೇ ಇದೆ ಅನ್ನಿಸುತ್ತದೆ. ಗುಜರಿ ಸೀಸವನ್ನು ನೇರವಾಗಿ ಅದೇ ಪಾತ್ರೆಗೆ ಹಾಕುತ್ತೀ. ಮಣ್ಣು, ಬಣ್ಣ, ತುಕ್ಕು ಎಲ್ಲ ಸೀಸಕ್ಕಿಂತ ಹಗುರ, ತೇಲಬೇಕು. ಆದರೆ ತಳಕ್ಕೂ ಗೋಡೆಗೂ ಅಂಟಿಕೊಂಡದ್ದು ಮೇಲೆ ಏಳುವುದಿಲ್ಲ, ಅಲ್ಲೇ ಸರಿದು ಸರಿದು ಮೂತಿಗೆ ಬರುತ್ತದೆ. ಗುಜರಿಗೆ ಬೇರೆ ಕಬ್ಬಿಣದ ಬಾಣಲೆ ಇಡು. ಅದರಲ್ಲಿ ಕರಗಿಸಿ, ಮೇಣದ ತುಂಡು ಹಾಕಿ ಕಲಸಿ, ಮೇಲೆ ಬಂದ ಕಿಟ್ಟ ತೆಗೆದು, ಗಟ್ಟಿ ಹೊಯ್ದುಕೋ. ಮೇಣ ಹಾಕಿದಾಗ ಭುಗ್ಗೆಂದು ಹತ್ತುತ್ತದೆ, ಹಿಂದೆ ಸರಿದಿರು. ಪಾತ್ರೆಗೆ ಆ ಶುದ್ಧ ಗಟ್ಟಿ ಮಾತ್ರ. ಮತ್ತೆ ಪಾತ್ರೆಯನ್ನು ಪೂರ್ತಿ ಬರಿದು ಮಾಡಬೇಡ, ತಳದಲ್ಲಿ ಒಂದು ಇಂಚು ಬಿಡು. ಕೊನೆಯ ಹನಿಯವರೆಗೆ ಇಳಿಸಿದರೆ ಮೇಲೆ ತೇಲುತ್ತಿದ್ದ ಕಿಟ್ಟವೇ ಇಳಿದು ಮೂತಿಯಲ್ಲಿ ಕೂರುತ್ತದೆ.

ಗಾಡಿಯ ಚಕ್ರಕ್ಕೆ ಬಡಿಯುವ ತೂಕದ ತುಂಡುಗಳಲ್ಲಿ ಸತುವಿನವೂ ಇರುತ್ತವೆ. ಸತು ಕರಗುವುದು 419 ಡಿಗ್ರಿಗೆ. ಶಾಖ ಅದಕ್ಕಿಂತ ಕೆಳಗಿದ್ದರೆ ಅವು ತೇಲುತ್ತವೆ, ಎತ್ತಿ ಹಾಕಬಹುದು. ಶಾಖ ಏರಿಸಿ ಬೆರೆಸಿಬಿಟ್ಟರೆ ಸೀಸ ಗಂಜಿಯಂತಾಗುತ್ತದೆ, ಯಾವ ಮೂತಿಯಲ್ಲೂ ಇಳಿಯುವುದಿಲ್ಲ. ಮೇಲಿನ ಕೆನೆ ನೀಲಿ, ಹಳದಿ, ನೇರಳೆ ಬಣ್ಣಕ್ಕೆ ತಿರುಗಿತು ಅಂದರೆ ಶಾಖ ಅತಿಯಾಯಿತು ಅಂತ. ಹಳೆ ಬ್ಯಾಟರಿ ಒಡೆದು ಸೀಸ ತೆಗೆಯುವ ಯೋಚನೆಯನ್ನು ಮಾತ್ರ ಬಿಟ್ಟುಬಿಡು. ಅದರ ಕಿಟ್ಟಕ್ಕೆ ತೇವ ತಗಲಿದರೆ ಪ್ರಾಣಕ್ಕೇ ಬರುವಂಥ ಗಾಳಿ ಹೊರಡುತ್ತದೆ.

ಮಳೆಗಾಲದಲ್ಲಿ ಗಟ್ಟಿಗಳು ಬೆವರುತ್ತವೆ. ಅಂಥ ಗಟ್ಟಿಯನ್ನು ಕರಗಿದ ಸೀಸದೊಳಗೆ ಮುಳುಗಿಸಿದರೆ ಆ ನೀರು ಆವಿಯಾಗಿ ಸೀಸವನ್ನೇ ಎತ್ತಿ ಎಸೆಯುತ್ತದೆ. ಪಾತ್ರೆಯ ಅಂಚಿನ ಮೇಲೆ ಇಟ್ಟು ಬೆಚ್ಚಗಾದ ಮೇಲೆ ಇಳಿಬಿಡು. ಸೌಟು, ಇಕ್ಕಳ ಯಾವುದೂ ತೇವ ಇರಬಾರದು.

ಇವನ್ನೆಲ್ಲ ನೀನು ಬಲ್ಲೆ ಅಂದರೂ ಬಲ್ಲೆ. ಮುದುಕನ ಕಟಪಟಿ ಅಂದುಕೋ, ಆದರೆ ಕೆಳಗೆ ಕೂತು ಮೇಲೆ ನೋಡುವುದೊಂದನ್ನು ಬಿಡು. ಕಣ್ಣಿಗೆ ಕನ್ನಡಕ ಇದೆ ಅಂತ ಧೈರ್ಯ ಮಾಡಬೇಡ. ಮುಖ ಪೂರ್ತಿ ಮುಚ್ಚುವ ಪಾರದರ್ಶಕ ಹಾಳೆಯ ಗುರಾಣಿ ಸಿಗುತ್ತದೆ, ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳು. ಅದನ್ನು ಹಾಕಿಕೊಂಡರೂ ಕೆಳಗೆ ಕೂರಬೇಡ.

ಪುಟ್ಟಿ ಶೆಡ್ಡಿನ ಹೊಸ್ತಿಲಲ್ಲಿ ಆಡುತ್ತಾಳೆ ಅಂತ ಓದಿದ್ದು ನೆನಪಾಯಿತು, ಅದು ಮೂರನೇ ಪುಟದಲ್ಲೇ ಇರಬೇಕು. ಕಿಟ್ಟದ ಬೂದಿ ಹಗುರ, ಹಾರುತ್ತದೆ. ಒಣ ಕಸಬರಿಗೆಯಿಂದ ಗುಡಿಸದೆ ಒದ್ದೆ ಅರಿವೆಯಿಂದ ಒರೆಸು, ಪಾತ್ರೆ ತಣಿದ ಮೇಲೆ. ಕೆಲಸದ ಅಂಗಿಯಲ್ಲಿ ಅವಳನ್ನು ಎತ್ತಿಕೊಳ್ಳಬೇಡ. ಸೀಸ ಮಕ್ಕಳ ಮಿದುಳಿಗೆ ಆಗಿಬರುವುದಿಲ್ಲ, ಇಷ್ಟಾದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ ಅನ್ನುತ್ತಾರೆ. ನಾವು ಸೀಸದ ಕೈಯಿಂದಲೇ ಎಲೆ ಅಡಿಕೆ ಹಾಕಿಕೊಂಡು ದಿನ ಕಳೆದವರು. ಯಾರ ಮೈಗೆ ಏನಾಯಿತು ಅಂತ ಯಾರೂ ಲೆಕ್ಕ ಇಡಲಿಲ್ಲ.

ಸೋಮವಾರ ಬೆಳಗಿನ ಹುಬ್ಬಳ್ಳಿ ಬಸ್ಸಿಗೆ ಪಕ್ಕದ ಮನೆಯವರ ಹುಡುಗ ಬರುತ್ತಾನೆ. ಅವನ ಕೈಯಲ್ಲಿ ಒಂದು ಚೀಲ ಕೊಡುತ್ತೇನೆ. ನನ್ನ ಉದ್ದ ಹಿಡಿಯ ಸೌಟು, ತೊಗಲಿನ ಕೈಗವಸಿನ ಜೋಡಿ, ಒಂದು ಚಿಕ್ಕ ಕೈ ಹಿಡಿಯಲ್ಲಿ ಸಿಕ್ಕಿಸಿದ ಡ್ರಿಲ್ಲಿನ ಎರಡು ಮೂರು ಅಳತೆಯ ತುದಿಗಳು ಅದರಲ್ಲಿವೆ. ಪಾತ್ರೆ ತಣಿದ ಮೇಲೆ ಬೆಣೆ ಕಡ್ಡಿ ಹೊರಗೆ ತೆಗೆದು, ಮೂತಿಯ ತೂತಿಗೆ ಸರಿಹೊಂದುವ ತುದಿ ಆರಿಸಿ, ಕೈಯಿಂದಲೇ ನಿಧಾನ ತಿರುವು. ಕರೆಂಟಿನ ಡ್ರಿಲ್ಲು ಬೇಡ, ತೂತು ದೊಡ್ಡದಾದರೆ ಆಮೇಲೆ ಸೋರುವುದು ನಿಲ್ಲುವುದಿಲ್ಲ. ಬೆಣೆಯ ತುದಿಗೆ ಗೀರು ಬಿದ್ದಿದೆಯೋ ನೋಡು. ಬಿದ್ದಿದ್ದರೆ ವಾಲ್ವು ಉಜ್ಜುವ ಪೇಸ್ಟು ಒಂದಿಷ್ಟು ಹಚ್ಚಿ, ಅದನ್ನು ಅದರ ಗೂಡಿನಲ್ಲೇ ಕೂರಿಸಿ ತಿರುವುತ್ತ ಉಜ್ಜು, ಆಮೇಲೆ ಪೇಸ್ಟನ್ನು ಚೂರೂ ಉಳಿಯದ ಹಾಗೆ ಒರೆಸು. ಏನು ಕಂಡಿತು ಅಂತ ನನಗೆ ಬರೆ.

ಈ ಪತ್ರವನ್ನು ಅಪ್ಪನಿಗೆ ಓದಿ ಹೇಳಬೇಕು ಅನ್ನಿಸಿದರೆ ಹೇಳು. ಅವನಿಗೆ ಇದರಲ್ಲಿ ಹೊಸದೇನೂ ಇಲ್ಲ.

ಚೀಲ ತಂದ ಹುಡುಗ ಸಂಜೆಯ ಬಸ್ಸಿಗೆ ವಾಪಸು ಬರುತ್ತಾನೆ. ಆ ಸೈಕಲ್ ಕಡ್ಡಿಯನ್ನು ಅವನ ಕೈಯಲ್ಲಿ ನನಗೆ ಕಳಿಸಿಕೊಡು.

ನಿನ್ನ ದೊಡ್ಡಪ್ಪ