ಮಗಳಿಗೊಂದು ಪತ್ರ: ಮಾತಾಡಲು ಬರುವಷ್ಟು ನಿಧಾನ ಓಡು

ಕೂಸೇ,

ಅವನ ವಿಷಯ ನಾನು ಕೆದಕುವುದಿಲ್ಲ. ಹೇಳಬೇಕು ಅನಿಸಿದ ದಿನ ನೀನೇ ಹೇಳು. ಬೆಳಗ್ಗೆ ಕಾರವಾರದ ಟಾಗೋರ್ ಬೀಚಿನಲ್ಲಿ ಏದುಸಿರು ಬರುವ ತನಕ ಓಡುತ್ತೀಯಂತಲ್ಲ, ಈ ಪತ್ರ ಅದಕ್ಕೆ.

ಸಂಕಟದಲ್ಲಿ ಓಡುವವರ ಕಾಲು ಬೇಗ ಕೆಡುತ್ತದೆ. ಉಸಿರು ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ, ಮೂಳೆಗೆ ತಿಂಗಳುಗಳು ಬೇಕು. ‘ಇನ್ನೂ ಓಡಬಲ್ಲೆ’ ಅನಿಸುವ ಹೊತ್ತಿಗೇ ಪೆಟ್ಟಾಗುವುದು ಅದಕ್ಕೆ. ವಾರಕ್ಕೆ 3 ದಿನ ಸಾಕು. ಮೊದಲು 5 ನಿಮಿಷ ನಡಿಗೆ. ಆಮೇಲೆ 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸಲ. ಎರಡು ವಾರ ಕಳೆದ ಮೇಲೆ ಓಟವನ್ನು 2 ನಿಮಿಷ ಮಾಡು.

ವೇಗ ಅಳೆಯಲು ಆ್ಯಪ್ ಬೇಡ, ರೂಮಿನ ಗೆಳತಿ ಸಾಕು. ಓಡುತ್ತಲೇ ಅವಳಿಗೆ ಒಂದು ಪೂರ್ತಿ ವಾಕ್ಯ ಹೇಳು. ನಡುವೆ ಉಸಿರಿಗೆ ನಿಲ್ಲಬೇಕಾದರೆ ವೇಗ ಜಾಸ್ತಿಯಾಯಿತು ಅಂತ. ಎದುರುಬದುರು ಕೂತಾಗ ಬಾಯಿಗೆ ಬಾರದ ಮಾತು ಪಕ್ಕಪಕ್ಕ ಓಡುವಾಗ ಬರುವುದುಂಟು. ಬಾರದಿದ್ದರೆ ಮೆಸ್ಸಿನ ಸಾರನ್ನಾದರೂ ಬೈದುಕೊಳ್ಳಿ.

ಕಡಲಿನ ಇಳಿತದ ಹೊತ್ತು ನೋಡಿ ಹೊರಡಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನಿನ್ನೆಯ ಟೈಮು ಇಂದಿಗಲ್ಲ. ನೀರು ಈಗಷ್ಟೇ ಬಿಟ್ಟ ಮರಳಿನಲ್ಲಿ ಹೆಜ್ಜೆಯ ಗುರುತು ಮಾತ್ರ ಮೂಡಬೇಕು. ಹಿಮ್ಮಡಿ ಹೂತರೆ ಮೀನಖಂಡಕ್ಕೆ ಭಾರ. ದಂಡೆ ಕಡಲಿನತ್ತ ಇಳಿಜಾರು. ಉತ್ತರಕ್ಕೆ, ಕೋಡಿಬಾಗದ ಕಡೆ ಹೋಗುವಾಗ ಎಡಗಾಲು ತಗ್ಗಿನಲ್ಲಿರುತ್ತದೆ, ಬರುವಾಗ ಬಲಗಾಲು. ಒಂದೇ ದಿಕ್ಕಿಗೆ ಓಡಿ ರಿಕ್ಷಾ ಹತ್ತಿ ಬಂದರೆ ಮೊಣಕಾಲಿನ ಹೊರಬದಿ ನೋಯಲು ಶುರುವಾಗಬಹುದು. ಹೋದಷ್ಟೇ ದೂರ ಓಡಿ ವಾಪಸ್ ಬಾ.

ಕಣಕಾಲಿನ ಮೂಳೆಯ ಒಳಬದಿಯನ್ನು ಬೆರಳಿನಿಂದ ಒತ್ತುತ್ತಾ ಹೋಗು. ಉದ್ದಕ್ಕೂ ಮಂದ ನೋವಿದ್ದರೆ ಒಂದು ವಾರ ನಡಿಗೆ ಮಾತ್ರ. ಒಂದೇ ಚುಕ್ಕೆಯಲ್ಲಿ ಚುಚ್ಚಿದರೆ, ರಾತ್ರಿಯೂ ನೋಯುತ್ತಿದ್ದರೆ, ಓಟ ಬಂದ್, ಡಾಕ್ಟರ ಹತ್ತಿರ ನಡಿ. ಮೂಳೆಯಲ್ಲಿ ಬಿರುಕಿರಬಹುದು.

ಊಟ ಸೇರುತ್ತಿಲ್ಲ ಅಂದೆ. ಹಾಗಿದ್ದರೆ ಓಟಕ್ಕಿಂತ ಗಂಜಿ ಮೊದಲು. ಓಡುವ ಮುಂಚೆ ಒಂದು ಬಾಳೆಹಣ್ಣು, ಬಂದು ಅರ್ಧ ಗಂಟೆಯೊಳಗೆ ತುಪ್ಪ-ಉಪ್ಪು ಹಾಕಿದ ಗಂಜಿ. ತಿನ್ನದೆ ಓಡುತ್ತಿದ್ದರೆ ಮುಟ್ಟೇ ನಿಂತುಹೋಗಬಹುದು. ಅದು ಗಟ್ಟಿಯಾದ ಲಕ್ಷಣವಲ್ಲ, ಮೂಳೆ ಸೊರಗುವ ಲಕ್ಷಣ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ನನಗೆ ಫೋನ್ ಮಾಡು. ನನ್ನ ಹತ್ತಿರ ಹೇಳಲಾಗದ್ದಿದ್ದರೆ ಮನಸ್ಸಿನ ಕಷ್ಟ ಕೇಳುವ ಸರಕಾರದ ಸಹಾಯವಾಣಿ ಟೆಲಿ ಮಾನಸ್ 14416, ಮಧ್ಯರಾತ್ರಿಯೂ ಎತ್ತುತ್ತಾರೆ, ದುಡ್ಡು ಕೊಡಬೇಕಿಲ್ಲ.

ಕರಾವಳಿಯ ಬೆವರು ಆರುವುದಿಲ್ಲ, ಹಾಗಾಗಿ ಮೈ ತಣಿಯುವುದೂ ನಿಧಾನ. ಬಿಸಿಲೇರುವ ಮುಂಚೆ ಮುಗಿಸಿ. ಮುರುಗಲು (ಕೋಕಂ) ಸಿಪ್ಪೆ, ಜೋನಿ (ನೀರು) ಬೆಲ್ಲ ಕಳಿಸುತ್ತಿದ್ದೇನೆ. ರಾತ್ರಿಯೇ ಗಾಜಿನ ಲೋಟದ ನೀರಿನಲ್ಲಿ 6 ಸಿಪ್ಪೆ ನೆನೆಸಿ, ಬೆಳಗ್ಗೆ ಕಿವುಚಿ, 2 ಚಮಚ ಬೆಲ್ಲ ಹಾಕಿ ಕುಡಿ. ಸಿಪ್ಪೆ ಉಪ್ಪು ಹಾಕಿಯೇ ಒಣಗಿಸಿದ್ದು, ಮತ್ತೆ ಹಾಕಬೇಡ. ಇಬ್ಬರಿಗಾದರೆ 12.

ನಿನ್ನ
ಆಯಿ