ದಾವಣಗೆರೆಗೊಂದು ಟೆಸ್ಟಿಂಗ್ ಲ್ಯಾಬ್ ಕೊಡಿಸಿ: ನಮ್ಮ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ದಾವಣಗೆರೆ ಸಂಸದರಿಗೆ ನಮಸ್ಕಾರ.

ಕರೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಏಳು ಜನ ಕೆಲಸಕ್ಕಿದ್ದರು. ಹನ್ನೊಂದು ವರ್ಷ ಬೇರೆಯವರಿಗೆ ಕಾಯಿಲ್ ಸುತ್ತಿ ಕೊಟ್ಟೆ. ಹೋದ ವರ್ಷ ನಮ್ಮದೇ ಹೆಸರಲ್ಲಿ ನೀರು ಕಾಯಿಸುವ ರಾಡ್ ಮಾಡೋಣ ಅಂತ ಹೊರಟೆ. ಅವತ್ತಿನಿಂದ ಬರೀ ಓಡಾಟ.

ರಾಡ್‌ಗೆ ಐಎಸ್‌ಐ ಗುರುತು ಕಡ್ಡಾಯ ಅನ್ನೋದು ನಿಮಗೆ ಗೊತ್ತೇ ಇದೆ. 2003ರ ಆದೇಶ ಅದು. ರಾಡ್‌ಗೆಂದೇ ಇರುವ ಐಎಸ್ 368 ಮಾನದಂಡದ ಪ್ರಕಾರ ಟೆಸ್ಟ್ ಆಗಬೇಕು, ಲೈಸೆನ್ಸ್ ಸಿಗೋವರೆಗೆ ಒಂದು ಪೀಸ್ ಕೂಡ ಮಾರೋ ಹಾಗಿಲ್ಲ. ಇದಕ್ಕೆ ನನ್ನ ತಕರಾರಿಲ್ಲ. ನಮ್ಮ ಅಕ್ಕನ ಮಗಳು ಬಕೆಟ್‌ಗೆ ಕೈ ಹಾಕಿ ಶಾಕ್ ಹೊಡೆಸಿಕೊಂಡಿದ್ದಳು. ಸಂತೆಯಲ್ಲಿ ತಂದ ರಾಡ್, ಪ್ಲಗ್‌ಗೆ ಎರಡೇ ಪಿನ್, ಅರ್ತಿಂಗೇ ಇಲ್ಲ. ಹುಡುಗಿ ಉಳಿದಳು, ದೇವರು ದೊಡ್ಡವನು. ಆ ದಿನ ನೋಡಿದವನು ಟೆಸ್ಟ್ ಬೇಡ ಅಂತ ಹೇಳಲ್ಲ. ಟೆಸ್ಟ್ ನಮ್ಮೂರಲ್ಲಿ ಆಗಲಿ ಅಂತಷ್ಟೇ ಕೇಳ್ತಿದ್ದೇನೆ.

ನನಗೆ ಆದದ್ದನ್ನು ಹೇಳುತ್ತೇನೆ, ಸ್ವಲ್ಪ ಸಮಾಧಾನದಿಂದ ಓದಿ.

ಬೆಂಗಳೂರಿನ ಒಂದು ಲ್ಯಾಬ್‌ಗೆ ಸ್ಯಾಂಪಲ್ ಕೊಡಲು ರಾತ್ರಿ ಬಸ್ ಹತ್ತಿದೆ. 260 ಕಿಲೋಮೀಟರ್. ರಾಡ್ ಬಾಗದಿರಲಿ ಅಂತ ಡಬ್ಬ ತೊಡೆ ಮೇಲೇ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಕೌಂಟರ್‌ನಲ್ಲಿ, ನೀರಿನ ಮಟ್ಟದ ಗುರುತು ಅಳಿಸಿ ಹೋಗುವಂತಿದೆ, ಸರಿ ಮಾಡಿಕೊಂಡು ಬನ್ನಿ ಅಂದರು. ನನ್ನದೇ ತಪ್ಪು, ಒಪ್ಪಿಕೊಂಡೆ. ವಾಪಸ್ ಬಂದು ಸರಿ ಮಾಡಿ ಮತ್ತೆ ಹೋದೆ. ಫೀಸು ಕಟ್ಟಿದೆ. ಮೂರು ತಿಂಗಳು ಕಾದೆ. ಫೋನ್ ಮಾಡಿದರೆ ಕ್ಯೂನಲ್ಲಿದೆ ಅಂತಾರೆ, ಇಲ್ಲವೇ ಎತ್ತೋದೇ ಇಲ್ಲ.

ಕೊನೆಗೆ ರಿಪೋರ್ಟ್ ಬಂತು. ಎಲ್ಲಾ ಪಾಸ್. ಅರ್ತಿಂಗ್ ರೆಸಿಸ್ಟೆನ್ಸ್ ಮಿತಿಯಾದ 0.1 ಓಮ್ ದಾಟಿಲ್ಲ. ಖುಷಿಯಿಂದ ಮೇಲಿನ ಸಾಲು ಓದಿದೆ. ನಾನು ಕೊಟ್ಟದ್ದು 1500 ವಾಟ್ ರಾಡ್, ರಿಪೋರ್ಟ್‌ನಲ್ಲಿ 1000 ವಾಟ್ ಅಂತಿದೆ! ಟೈಪ್ ಮಾಡುವಾಗ ತಪ್ಪಾಗಿದೆ, ತಿದ್ದಿ ಕೊಡಿ ಅಂದೆ. ತಿದ್ದೋಕೆ ಬರಲ್ಲ, ಹೊಸ ಸ್ಯಾಂಪಲ್ ತನ್ನಿ, ಹೊಸದಾಗಿ ಫೀಸು ಕಟ್ಟಿ ಅಂದರು. ಅವರ ತಪ್ಪಿಗೆ ನಾನು ಎರಡನೇ ಸಲ ದುಡ್ಡು ಕಟ್ಟಬೇಕಾ, ಹೇಳಿ?

ಕಟ್ಟಿದೆ. ಹೆಂಡತಿಯ ಬಳೆ ಅಡ ಇಟ್ಟು ಕಟ್ಟಿದೆ.

ರಾಡ್ ಓಡೋದೇ ಕಾರ್ತೀಕದಿಂದ ಶಿವರಾತ್ರಿವರೆಗೆ. ಆ ಸೀಸನ್ ನನ್ನ ಕೈತಪ್ಪಿತು. ತಾಮ್ರದ ಪೈಪು, ನೈಕ್ರೋಮ್ ತಂತಿ, ಮೆಗ್ನೀಷಿಯಂ ಆಕ್ಸೈಡ್ ಪುಡಿ, ಎಲ್ಲ ಮೂಲೆಯಲ್ಲಿ ಬಿದ್ದಿವೆ. ಏಳು ಜನರಲ್ಲಿ ಇಬ್ಬರಿಗೆ ಬೇರೆ ಕೆಲಸ ನೋಡಿಕೊಳ್ಳಿ ಅಂತ ನಾನೇ ಹೇಳಬೇಕಾಯಿತು. ಆ ಗುರುತಿಲ್ಲದ ಎರಡು ಪಿನ್ ರಾಡ್ ಮಾತ್ರ ಇವತ್ತಿಗೂ ಸಂತೆಯಲ್ಲಿ ಸಿಗುತ್ತದೆ. ಕಾನೂನು ಪಾಲಿಸಲು ಹೋದವನು ಮನೆಯಲ್ಲಿ ಕೂತಿದ್ದೇನೆ. ಹೊಟ್ಟೆ ಉರಿಯುತ್ತದೆ ಸ್ವಾಮಿ.

ದಾವಣಗೆರೆಗೆ ಒಂದು ಟೆಸ್ಟಿಂಗ್ ಲ್ಯಾಬ್ ಬೇಕು. ಹೊಸ ಕಟ್ಟಡವೇ ಬೇಕು ಅಂತಿಲ್ಲ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು 1951ರಿಂದ ಇಲ್ಲೇ ಇದೆ, ಎಲೆಕ್ಟ್ರಿಕಲ್ ವಿಭಾಗವೂ ಇದೆ. ಲ್ಯಾಬ್‌ಗಳನ್ನು ಪರಿಶೀಲಿಸುವ ಎನ್‌ಎಬಿಎಲ್ ಮಂಡಳಿಯ ಮಾನ್ಯತೆ ಪಡೆದ ಹೊರಗಿನ ಲ್ಯಾಬ್‌ಗಳನ್ನು, ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆ ಒಪ್ಪಿಕೊಳ್ಳುತ್ತದೆ, ಅದಕ್ಕೆಂದೇ ಯೋಜನೆ ಇದೆ. ರಾಡ್, ಇಸ್ತ್ರಿ ಪೆಟ್ಟಿಗೆ, ಸ್ವಿಚ್ಚು, ಪ್ಲಗ್ಗು, ಇಷ್ಟರಿಂದಲೇ ಶುರು ಮಾಡಿ. ಚಿತ್ರದುರ್ಗ, ಹರಿಹರ, ರಾಣೆಬೆನ್ನೂರಿನವರೂ ಇಲ್ಲಿಗೇ ಬರುತ್ತಾರೆ. ಹುಡುಗರಿಗೂ ಕೆಲಸ ಕಲಿತ ಹಾಗಾಗುತ್ತದೆ.

ಬಿಐಎಸ್ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಗೆ ಸೇರಿದ್ದು. ಹಾಗಾಗಿ ಇದು ಶಾಸಕರ ಕೈಲಿ ಆಗುವ ಕೆಲಸ ಅಲ್ಲ, ನಿಮ್ಮದೇ. ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಿ. ರಿಪೋರ್ಟ್ ಇಷ್ಟು ದಿನದಲ್ಲಿ ಕೊಡಲೇಬೇಕು, ಲ್ಯಾಬ್‌ನವರ ತಪ್ಪನ್ನು ಲ್ಯಾಬ್‌ನವರೇ ಪುಕ್ಕಟೆ ತಿದ್ದಬೇಕು ಅಂತ ಬರೆಸಿ. ಮತ್ತೆ ಹೇಳುತ್ತೇನೆ, ದಾವಣಗೆರೆಗೆ ಲ್ಯಾಬ್ ಕೊಡಿಸಿ.

ನನ್ನ ಎರಡನೇ ಸ್ಯಾಂಪಲ್ ಇನ್ನೂ ಕ್ಯೂನಲ್ಲಿದೆ. ಕಾರ್ತೀಕ ಮತ್ತೆ ಹತ್ತಿರ ಬರುತ್ತಿದೆ. ಒಂದು ದಿನ ಕರೂರಿಗೆ ಬನ್ನಿ, ಎರಡೂ ಸಲ ಕಟ್ಟಿದ ಫೀಸಿನ ರಸೀದಿ ತೋರಿಸುತ್ತೇನೆ.

ಇಂತಿ,
ಕರೂರಿನ ಒಬ್ಬ ಸಣ್ಣ ತಯಾರಕ