ಮಾಲ್ಡೀವ್ಸ್‌ಗೆ ಹೊರಟ ಸೋದರಳಿಯನಿಗೆ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ಮದುವೆಯ ನಂತರ ನೀವಿಬ್ಬರೂ ಮಾಲ್ಡೀವ್ಸ್‌ಗೆ ಹೋಗುತ್ತೀರೆಂದೂ ಅದಕ್ಕಾಗಿ ನೀನು ಪರ್ಸನಲ್ ಲೋನ್ ವಿಚಾರಿಸುತ್ತಿದ್ದೀಯೆಂದೂ ನಿನ್ನ ಅಮ್ಮ ಹೇಳಿದಳು. ಹೋಗಬೇಡ ಎನ್ನುವವನು ನಾನಲ್ಲ. ಸಾಲ ಮಾತ್ರ ಬೇಡ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಇಂಥ ಅರ್ಜಿಗಳನ್ನು ನೋಡಿದ್ದೇನೆ. ಮನೆಯಲ್ಲಿ ತೊಟ್ಟಿಲು ಕಟ್ಟಿದ ಮೇಲೂ ಹನಿಮೂನಿನ ಕಂತು ಮುಗಿದಿರುವುದಿಲ್ಲ.

ನೀನು ಕಳುಹಿಸಿದ ರೆಸಾರ್ಟಿನ ದರ ನೋಡಿದೆ. ರಾತ್ರಿಗೆ 300 ಡಾಲರ್, ಅಲ್ಲವೇ? ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದದ್ದನ್ನು ನೀನು ಓದಿಲ್ಲ. ಆ ದರದ ಮೇಲೆ ಶೇ. 10 ಸೇವಾ ಶುಲ್ಕ. ಎರಡೂ ಸೇರಿದ ಮೊತ್ತದ ಮೇಲೆ ಶೇ. 17 ಪ್ರವಾಸಿ ಜಿಎಸ್‌ಟಿ, 2025ರ ಜುಲೈವರೆಗೆ ಅದು 16 ಇತ್ತು. ಸಾಲದೆಂದು ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ. ಇಬ್ಬರಿಗೂ ಕೂಡಿಸಿದರೆ 410 ಡಾಲರ್, ಇನ್ನೂ ನೀವು ಒಂದು ಲೋಟ ಕಾಫಿ ಕುಡಿದಿಲ್ಲ. ದೂರದ ದ್ವೀಪವಾದರೆ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ ಬೇಕು. ಇಬ್ಬರು ಹೋಗಿಬರಲು ಸಾವಿರ ಡಾಲರಿನ ಆಸುಪಾಸು ಆಗುವುದುಂಟು. ಆದ್ದರಿಂದ ಕೋಣೆಯ ಚಿತ್ರ ನೋಡುವ ಮೊದಲು ಅಲ್ಲಿಗೆ ತಲುಪುವ ಖರ್ಚನ್ನು ಕೇಳು. ರಾಜಧಾನಿ ಮಾಲೆಯಿಂದ ಸ್ಪೀಡ್‌ಬೋಟಿನಲ್ಲಿ ಹೋಗಬಹುದಾದ ದ್ವೀಪದಲ್ಲೂ ಸಮುದ್ರ ಅಷ್ಟೇ ನೀಲಿಯಾಗಿರುತ್ತದೆ.

ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ಇದನ್ನು ನಾನು ಅಲ್ಲಿಗೆ ಹೋಗಿ ಕಲಿತೆ. ಅಗ್ಗದ ಟಿಕೆಟ್ಟಿನ ಆಸೆಗೆ ಸಂಜೆ ಇಳಿದೆವು. ರೆಸಾರ್ಟಿನ ಆ ರಾತ್ರಿಯ ಬಾಡಿಗೆ ಆಗಲೇ ಕಟ್ಟಿಯಾಗಿತ್ತು. ಮಲಗಿದ್ದು ಮಾತ್ರ ವಿಮಾನ ನಿಲ್ದಾಣದ ಹತ್ತಿರದ ಹುಲ್ಹುಮಾಲೆಯ ಇನ್ನೊಂದು ಹೋಟೆಲಿನಲ್ಲಿ, ಇನ್ನೊಂದು ಬಾಡಿಗೆ ತೆತ್ತು. ಟಿಕೆಟ್ಟಿನಲ್ಲಿ ಎಷ್ಟು ಉಳಿಯಿತು ಎಂದು ನಿನ್ನ ಅತ್ತೆ ಈಗಲೂ ಕೇಳುತ್ತಾಳೆ.

ಮೀನು, ತೆಂಗಿನಕಾಯಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ಹಡಗಿನಲ್ಲೋ ವಿಮಾನದಲ್ಲೋ ಬರಬೇಕಾದ ದೇಶ ಅದು. ಕುಡಿಯುವ ನೀರನ್ನೂ ಸಮುದ್ರದ ಉಪ್ಪು ತೆಗೆದು ಮಾಡಿಕೊಳ್ಳುತ್ತಾರೆ. ಬೆಲೆ ಹೆಚ್ಚಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಊಟ ದುಬಾರಿಯೆನಿಸಿದರೆ ಎದುರಿನ ಹೋಟೆಲಿಗೆ ಹೋಗಲು ಎದುರಿಗೆ ಇರುವುದು ಸಮುದ್ರ. ಆದ್ದರಿಂದ ರೆಸಾರ್ಟೇ ಬೇಕೆಂದಾದರೆ ಮೂರು ಹೊತ್ತಿನ ಊಟ ಸೇರಿದ ದರವನ್ನೇ ಕೇಳು, ಕುಡಿಯುವ ನೀರು ಅದರಲ್ಲಿದೆಯೇ ಎಂದೂ ಕೇಳು. ಕೇಳುವುದಕ್ಕೆ ನಾಚಿಕೆಪಡಬೇಡ.

ನನ್ನ ಮನಸ್ಸಿನಲ್ಲಿರುವುದು ಬೇರೆ. ನಾಲ್ಕು ರಾತ್ರಿ ಮಾಫುಶಿಯಂಥ ಜನವಸತಿಯ ದ್ವೀಪದಲ್ಲಿರಿ. 2009ರ ನಂತರವಷ್ಟೇ ಅಂಥ ಊರುಗಳಲ್ಲಿ ಅತಿಥಿಗೃಹಗಳಿಗೆ ಅನುಮತಿ ಸಿಕ್ಕಿತು. ಐವತ್ತಕ್ಕಿಂತ ಕಡಿಮೆ ಕೋಣೆಯ ಅತಿಥಿಗೃಹದಲ್ಲಿ ಹಸಿರು ತೆರಿಗೆಯೂ ಅರ್ಧ, 6 ಡಾಲರ್. ಮಾಲೆಯಿಂದ ಸರ್ಕಾರಿ ದೋಣಿ ಇದೆ, ಒಂದೂವರೆ ಗಂಟೆಯ ದಾರಿ, ಶುಕ್ರವಾರ ನಂಬಿಕೊಳ್ಳಬೇಡ. ಅದು ಮುಸ್ಲಿಂ ಊರು: ಮದ್ಯವಿಲ್ಲ, ಈಜುಡುಗೆ ಅದಕ್ಕೆಂದೇ ಬಿಟ್ಟ ಕಡಲತೀರದಲ್ಲಿ ಮಾತ್ರ. ಬೆಳಗಿನ ತಿಂಡಿ ಮಾಸ್ ಹುನಿಯಲ್ಲಿ ಕಾಯಿತುರಿಯ ಜೊತೆ ಟ್ಯೂನಾ ಮೀನು ಇರುತ್ತದೆ, ಹುಡುಗಿಗೆ ಮೊದಲೇ ಹೇಳಿರು. ಜೊತೆಗೆ ಕೊಡುವ ರೋಶಿ ನಮ್ಮ ಚಪಾತಿಯ ತಂಗಿ. ನೀರಿನ ಮೇಲಿನ ಮನೆಯ ಆಸೆ ಇದ್ದರೆ ಕೊನೆಯ ಒಂದು ರಾತ್ರಿ ರೆಸಾರ್ಟಿಗೆ ಹೋಗಿ. ಒಂದು ರಾತ್ರಿಯಲ್ಲಿ ತೆಗೆದ ಫೋಟೊ ಐದು ರಾತ್ರಿಯದಕ್ಕಿಂತ ಕೆಟ್ಟದಾಗಿರುವುದಿಲ್ಲ.

ಡಿಸೆಂಬರ್ 31 ಅಲ್ಲೇ ಆಗಬೇಕೆಂಬ ಹಟ ಬಿಡು. ಹೊಸ ವರ್ಷದ ಔತಣವೆಂದು ಕೇಳದೆಯೇ ಬಿಲ್ಲಿಗೆ ಸೇರಿಸುವ ರೆಸಾರ್ಟುಗಳು ಬಹಳ. ಮಾರ್ಚಿನಲ್ಲೂ ಅಲ್ಲಿ ಒಳ್ಳೆಯ ಬಿಸಿಲು.

ಮುಂಗಡ ಕಟ್ಟುವ ಮೊದಲು ಎಲ್ಲ ತೆರಿಗೆ, ದೋಣಿ ಬಾಡಿಗೆ ಸೇರಿದ ಒಟ್ಟು ಮೊತ್ತವನ್ನು ಅವರಿಂದ ಇಮೇಲಿನಲ್ಲಿ ಬರೆಯಿಸಿಕೊಂಡು ನನಗೆ ಕಳುಹಿಸು. ಅತ್ತೆ ಒಂದು ಡಬ್ಬ ಚಕ್ಕುಲಿ ಮಾಡಿಕೊಡುತ್ತಾಳಂತೆ. ಸೂಟ್‌ಕೇಸಿನಲ್ಲಿ ಜಾಗ ಇಟ್ಟುಕೊ.

ನಿನ್ನ ಮಾವ
ಶಿವಮೊಗ್ಗ